ರೋಜರ್ ಕಾರ್ಮನ್ ಅವರ 'ದ ಸೇಂಟ್ ವ್ಯಾಲೆಂಟೈನ್ಸ್ ಡೇ ಮ್ಯಾಸಕರ್' (1967): ಎಷ್ಟು ನಿಜ, ಎಷ್ಟು ಕಟ್ಟಿದ್ದು, ಯಾವ ಪ್ರತಿ ನೋಡಬೇಕು?

ನೆರಳುಪರದೆ (ಪ್ರಶ್ನೆ)

1920ರ ದಶಕದ ಶಿಕಾಗೊ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಅಂದ ಕೂಡಲೇ ಚರ್ಚೆಯೆಲ್ಲ ಎಂಬತ್ತರ ದಶಕದ ಚಿತ್ರಗಳ ಕಡೆಗೇ ಹೋಗುತ್ತದೆ. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗಾಗಿ ಕಾರ್ಮನ್ 1967ರಲ್ಲಿ ಮಾಡಿದ ಈ ಚಿತ್ರದ ಹೆಸರನ್ನು ಎತ್ತುವವರೇ ಕಡಿಮೆ. 1929ರಲ್ಲಿ ಕಪೋನ್‌ನ ಎದುರಾಳಿ ಬಗ್ಸ್ ಮೊರನ್ ಗ್ಯಾಂಗಿನ ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದ ಘಟನೆಯ ಕಥೆ ಇದು. ಕಪೋನ್ ಆಗಿ ಜೇಸನ್ ರೊಬಾರ್ಡ್ಸ್, ಮೊರನ್‌ನ ಬಂಟ ಪೀಟರ್ ಗುಸೆನ್‌ಬರ್ಗ್ ಆಗಿ ಜಾರ್ಜ್ ಸೀಗಲ್, ಮೊರನ್ ಆಗಿ ರಾಲ್ಫ್ ಮೀಕರ್, ಬ್ರೂಸ್ ಡರ್ನ್, ಒಂದು ಮೂಲೆಯಲ್ಲಿ ಜ್ಯಾಕ್ ನಿಕಲ್ಸನ್. ಇಷ್ಟು ಜನ ಇದ್ದೂ ಚಿತ್ರ ಮರೆತುಹೋಗಿದ್ದು ಯಾಕೆ?

ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ನಿರೂಪಕ ಪ್ರತಿಯೊಬ್ಬನ ಜಾತಕ ಓದುತ್ತಲೇ ಇರುತ್ತಾನಲ್ಲ, ಅದು ಚಿತ್ರದ ದೋಷವೋ ಅಥವಾ ಬೇಕೆಂದೇ ಮಾಡಿದ್ದೋ? ಗ್ಯಾರೇಜಿನ ಹತ್ಯೆ 1929ರ ದಾಖಲೆಗಳಿಗೆ ಎಷ್ಟು ಹತ್ತಿರ ಇದೆ? ಆ ಕೋವಿಗಳು ಯಾರವು ಅಂತ ಕೊನೆಗೆ ಗೊತ್ತಾಯಿತಾ? ಮತ್ತೆ, ಸೀಗಲ್ ಪಾತ್ರ ಹೆಂಡದಂಗಡಿಗೆ ನುಗ್ಗಿ 'ನಮ್ಮ ಬಿಯರ್ ತಗೋ' ಅಂತ ಹೊಡೆಯುತ್ತದಲ್ಲ, ಬಿಯರ್ ಯಾರದ್ದಾದರೇನು, ಅಷ್ಟೊಂದು ಯಾಕೆ ಬಡಿದಾಡಬೇಕಿತ್ತು? ಕೊನೆಯದಾಗಿ, ಸರಿಯಾದ ಪ್ರತಿಯನ್ನು ಗುರುತು ಹಿಡಿಯೋದು ಹೇಗೆ?

ರೀಲುಸುತ್ತು

ನಿರೂಪಕನಿಂದಲೇ ಶುರು ಮಾಡೋಣ. ಈ ಚಿತ್ರವನ್ನು ಬದಿಗಿಟ್ಟವರಲ್ಲಿ ಹೆಚ್ಚಿನವರಿಗೆ ಬೇಸರ ಹುಟ್ಟಿದ್ದೇ ಅಲ್ಲಿ.

ದನಿ ಪಾಲ್ ಫ್ರೀಸ್ ಅವರದು. ಪಾತ್ರ ಪರದೆಗೆ ಬರುತ್ತಿದ್ದಂತೆ ಹೆಸರೇನು, ಹುಟ್ಟಿದ್ದೆಲ್ಲಿ, ಹಿಂದೆ ಏನೇನು ಅಪರಾಧ ಮಾಡಿದ್ದ, ಮುಂದೆ ಅವನ ಗತಿ ಏನಾಗುತ್ತದೆ ಎಲ್ಲವನ್ನೂ ಏರಿಳಿತವಿಲ್ಲದ ಒಂದೇ ದನಿಯಲ್ಲಿ ಓದುತ್ತಾರೆ. ಮರುಕವೂ ಇಲ್ಲ, ಬೈಗುಳವೂ ಇಲ್ಲ. ಇದು ಬೇಕೆಂದೇ ಮಾಡಿದ್ದು. ಚಿತ್ರದ ಹೆಸರಿನಲ್ಲೇ ಕೊನೆ ಇದೆ. 'ಯಾರು ಸಾಯ್ತಾರೆ' ಅನ್ನುವ ಕುತೂಹಲವನ್ನು ನಿರೂಪಕ ಮೊದಲೇ ತೆಗೆದುಹಾಕುತ್ತಾನೆ. ಆಮೇಲೆ ಉಳಿಯುವುದು 'ಇದು ಕೂಡಿಬಂದದ್ದು ಹೇಗೆ' ಅನ್ನೋದೊಂದೇ. ಕಾರು ಎಲ್ಲಿಂದ ಬಂತು, ಕಾವಲಿಗೆ ಯಾರನ್ನು ಕೂರಿಸಿದರು, ಆಮಿಷ ಏನು, ಸಮವಸ್ತ್ರ ಯಾಕೆ. ಆ ಬೆಳಿಗ್ಗೆ ಸಾಯಲಿರುವವರು ಅಂಗಿ ತೊಡುವುದು, ಮನೆಯವರ ಜೊತೆ ಮಾತಾಡುವುದು, ಗಾಡಿ ಹತ್ತುವುದು ಇವೆಲ್ಲ ತೀರ ಮಾಮೂಲಿ ಕೆಲಸಗಳು. ಅವು ಭಾರವಾಗಿ ಕಾಣುವುದು ನಮಗೆ ಮುಂದಿನದು ಗೊತ್ತಿರುವುದರಿಂದ. ನಿರೂಪಣೆ ತೆಗೆದು ನೋಡಿ, ಅರ್ಧ ಚಿತ್ರ ಸಪ್ಪೆ.

ಈ ಗುಣ ಬಂದದ್ದು ಚಿತ್ರಕಥೆ ಬರೆದ ಹೋವರ್ಡ್ ಬ್ರೌನ್ ಅವರಿಂದ. ಇದೇ ಘಟನೆಯ ಮೇಲೆ ಅವರು 1958ರಲ್ಲೇ 'ಪ್ಲೇಹೌಸ್ 90' ಟಿವಿ ಸರಣಿಗೆ 'ಸೆವೆನ್ ಅಗೇನ್ಸ್ಟ್ ದ ವಾಲ್' ಎಂಬ ನಾಟಕ ಬರೆದಿದ್ದರು. ವರದಿಯ ಧಾಟಿ ಅಲ್ಲಿಂದ ಹಿಡಿದದ್ದು.

ಕಾರ್ಮನ್ ಅಂದರೆ ಕಡಿಮೆ ದುಡ್ಡು, ಕಡಿಮೆ ದಿನ. ದೊಡ್ಡ ಸ್ಟುಡಿಯೊದ ಹಣ ಕೈಗೆ ಬಂದಾಗಲೂ ಆ ಶಿಸ್ತು ಬಿಡಲಿಲ್ಲ. ಹೊಸ ಸೆಟ್ ಹಾಕುವ ಬದಲು ಫಾಕ್ಸ್‌ನಲ್ಲಿ ಇದ್ದದ್ದನ್ನೇ ಬಳಸಿದರು. ಕಪೋನ್‌ನ ಬಂಗಲೆ 'ದ ಸೌಂಡ್ ಆಫ್ ಮ್ಯೂಸಿಕ್' ಚಿತ್ರಕ್ಕೆ ಹಾಕಿದ್ದ ಮನೆ; 'ದ ಸ್ಯಾಂಡ್ ಪೆಬಲ್ಸ್' ಚಿತ್ರದ ಬಾರಿನ ಸೆಟ್ ಕೂಡ ಇಲ್ಲಿ ವೇಷ ಬದಲಿಸಿಕೊಂಡು ಬರುತ್ತದೆ. ಛಾಯಾಗ್ರಾಹಕ ಮಿಲ್ಟನ್ ಕ್ರಾಸ್ನರ್ ಹಳೆಯ ಕೈ, ಪ್ಯಾನಾವಿಷನ್ ಎಂಬ ಅಗಲಪರದೆಯ ಪದ್ಧತಿಯ ಅಗಲವನ್ನು ಚೆನ್ನಾಗಿ ತುಂಬಿಸಿದ್ದಾರೆ. ಕಪೋನ್ ತನ್ನ ಕಡೆಯವರನ್ನು ಉದ್ದ ಮೇಜಿನ ಸುತ್ತ ಕೂರಿಸಿ ಕೊಲೆಯ ಚರ್ಚೆ ನಡೆಸುವ ದೃಶ್ಯ ನೋಡಿ: ಕಂಪನಿಯೊಂದರ ನಿರ್ದೇಶಕ ಮಂಡಳಿಯ ಸಭೆಗೂ ಅದಕ್ಕೂ ವ್ಯತ್ಯಾಸವೇ ಕಾಣದು. ಕಪೋನ್ ಕಿರುಚಾಡುವಾಗಲೂ ಸುತ್ತಲಿನವರು ಲೆಕ್ಕಪತ್ರ ಕೇಳಿಸಿಕೊಳ್ಳುವವರ ಮುಖದಲ್ಲೇ ಇರುತ್ತಾರೆ. ನನ್ನ ಮಟ್ಟಿಗೆ ಚಿತ್ರದ ಅತ್ಯುತ್ತಮ ದೃಶ್ಯ ಅದೇ, ಗ್ಯಾರೇಜಿನದಲ್ಲ.

ಮರೆತುಹೋಗಿದ್ದಕ್ಕೆ ಮುಖ್ಯ ಕಾರಣ ಬಿಡುಗಡೆಯ ಕಾಲ. ಇದು ಬಂದದ್ದು 1967ರ ಜೂನ್ ಕೊನೆಗೆ. ಆಗಸ್ಟ್‌ನಲ್ಲಿ 'ಬಾನಿ ಅಂಡ್ ಕ್ಲೈಡ್' ಬಂತು. ಅಲ್ಲಿಂದಾಚೆ ಗ್ಯಾಂಗ್‌ಸ್ಟರ್ ಚಿತ್ರ ಅಂದರೆ ಚೆಲುವಾದ, ವ್ಯವಸ್ಥೆಗೆ ಸೆಡ್ಡು ಹೊಡೆಯುವ ಜೋಡಿ ಬೇಕಾಯಿತು. ಇಲ್ಲಿ ಪ್ರೀತಿಸಲು ಒಬ್ಬನೂ ಇಲ್ಲ. ಸೀಗಲ್ ಮತ್ತು ಅವನ ಪ್ರೇಯಸಿಯ ಪಾತ್ರದ ಜೀನ್ ಹೇಲ್ ತುಪ್ಪಳದ ಕೋಟಿನ ಬೆಲೆಗಾಗಿ ಕೋಣೆಯ ತುಂಬ ಹೊಡೆದಾಡುವ ದೃಶ್ಯ ಎಷ್ಟು ಕ್ರೂರವಾಗಿದೆಯೆಂದರೆ ಅಲ್ಲಿ ಯಾರ ಪಕ್ಷವನ್ನೂ ವಹಿಸಲಾಗದು. ಅದು ಚಿತ್ರದ ಪ್ರಾಮಾಣಿಕತೆ. ಗಲ್ಲಾಪೆಟ್ಟಿಗೆಗೆ ಅಂಥ ಪ್ರಾಮಾಣಿಕತೆ ಒಗ್ಗುವುದು ಕಷ್ಟ.

ಗುಂಡಿನಗುರುತು

ಹತ್ಯೆಯ ಭಾಗಕ್ಕೆ ಬರುತ್ತೇನೆ. ಮೊದಲು ದಾಖಲೆಯಲ್ಲಿ ಇರುವುದು.

1929ರ ಫೆಬ್ರವರಿ 14, ಗುರುವಾರ, ಬೆಳಿಗ್ಗೆ ಸುಮಾರು 10:30. ಜಾಗ ಶಿಕಾಗೊದ 2122 ನಾರ್ತ್ ಕ್ಲಾರ್ಕ್ ಸ್ಟ್ರೀಟ್, ಎಸ್‌ಎಂಸಿ ಕಾರ್ಟೇಜ್ ಕಂಪನಿಯ ಗ್ಯಾರೇಜ್. ಪೊಲೀಸ್ ಕಾರಿನಂತೆ ಸಜ್ಜು ಮಾಡಿದ್ದ ಕ್ಯಾಡಿಲ್ಯಾಕ್‌ನಲ್ಲಿ ಬಂದವರು ಒಳಗೆ ಹೋದರು, ಇಬ್ಬರು ಸಮವಸ್ತ್ರದಲ್ಲಿ, ಇನ್ನಿಬ್ಬರು ಸಾದಾ ಉಡುಪಿನಲ್ಲಿ. ಒಳಗಿದ್ದ ಏಳೂ ಜನ ಇದು ಮಾಮೂಲಿ ದಾಳಿ ಅಂದುಕೊಂಡು ಗೋಡೆಗೆ ಮುಖ ಮಾಡಿ ನಿಂತರು. ಸಮವಸ್ತ್ರ ಯಾಕೆ ಅನ್ನುವುದಕ್ಕೆ ಉತ್ತರ ಇದೇ: ಅದಿಲ್ಲದಿದ್ದರೆ ಗುಸೆನ್‌ಬರ್ಗ್ ಸಹೋದರರಂಥವರು ಕೋವಿ ಎತ್ತದೆ ಬೆನ್ನು ತೋರಿಸುತ್ತಲೇ ಇರಲಿಲ್ಲ. ಕೆಲಸ ಮುಗಿದ ಮೇಲೆ 'ಪೊಲೀಸರು' ಸಾದಾ ಉಡುಪಿನವರನ್ನು ಕೈ ಎತ್ತಿಸಿ ಹೊರಗೆ ನಡೆಸಿಕೊಂಡು ಹೋದರು. ಬೀದಿಯಲ್ಲಿದ್ದವರಿಗೆ ಅದು ಬಂಧನದಂತೆ ಕಂಡಿತು, ಯಾರೂ ಹಿಂಬಾಲಿಸಲಿಲ್ಲ. ಚಿತ್ರ ಈ ಕ್ರಮವನ್ನು ಬಹುಪಾಲು ಹಾಗೆಯೇ ಇಟ್ಟುಕೊಂಡಿದೆ.

ಸತ್ತವರು ಪೀಟರ್ ಮತ್ತು ಫ್ರ್ಯಾಂಕ್ ಗುಸೆನ್‌ಬರ್ಗ್, ಜೇಮ್ಸ್ ಕ್ಲಾರ್ಕ್ ಎಂಬ ಹೆಸರಿನಲ್ಲಿದ್ದ ಆಲ್ಬರ್ಟ್ ಕಾಚೆಲೆಕ್, ಆಡಮ್ ಹೇಯರ್, ಆಲ್ಬರ್ಟ್ ವೈನ್‌ಶ್ಯಾಂಕ್, ಕನ್ನಡಕದ ವ್ಯಾಪಾರಿ ರೈನ್‌ಹಾರ್ಟ್ ಶ್ವಿಮರ್, ಮತ್ತು ಮೆಕ್ಯಾನಿಕ್ ಜಾನ್ ಮೇ. ಶ್ವಿಮರ್ ಗ್ಯಾಂಗಿನವನಲ್ಲ, ಅವರ ಸಹವಾಸದ ಹುಚ್ಚು ಹಿಡಿಸಿಕೊಂಡವನು. ಮೇ ಪಾತ್ರ ಬ್ರೂಸ್ ಡರ್ನ್ ಅವರದು. ಏಳು ಮಕ್ಕಳ ತಂದೆ, ಅವನ ನಾಯಿ ಹೈಬಾಲ್ ಮಾತ್ರ ಬದುಕಿತು. ಫ್ರ್ಯಾಂಕ್ ಗುಸೆನ್‌ಬರ್ಗ್ 14 ಗುಂಡೇಟು ತಿಂದೂ ಸುಮಾರು ಮೂರು ಗಂಟೆ ಜೀವ ಹಿಡಿದಿದ್ದ, ಹೊಡೆದವರು ಯಾರೆಂದು ಪೊಲೀಸರಿಗೆ ಬಾಯಿಬಿಡಲಿಲ್ಲ. ಅಸಲಿ ಗುರಿಯಾಗಿದ್ದ ಬಗ್ಸ್ ಮೊರನ್ ತಡವಾಗಿ ಬಂದ, ಹೊರಗೆ ಪೊಲೀಸ್ ಕಾರು ಕಂಡು ಹಿಂದೆ ಸರಿದ. ಮೈಕಟ್ಟಿನಲ್ಲಿ ಮೊರನ್‌ನನ್ನು ಹೋಲುತ್ತಿದ್ದ ವೈನ್‌ಶ್ಯಾಂಕ್ ಒಳಹೋದದ್ದನ್ನು ಎದುರು ಮನೆಯ ಬಾಡಿಗೆ ಕೋಣೆಯಿಂದ ನೋಡುತ್ತಿದ್ದ ಕಾವಲುಗಾರರು 'ಮೊರನ್ ಬಂದ' ಎಂದು ಸುಳಿವು ಕೊಟ್ಟರು ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಅಂದರೆ ಇಡೀ ಯೋಜನೆ ಮುರಿದುಬಿದ್ದದ್ದು ಗುರುತು ಹಿಡಿಯುವ ಒಂದೇ ಹಂತದಲ್ಲಿ. ಕಪೋನ್ ಆ ದಿನ ಮಯಾಮಿಯಲ್ಲಿ ಸರ್ಕಾರಿ ವಕೀಲರ ಕಚೇರಿಯಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ.

ಚಿತ್ರ ಸಡಿಲ ಬಿಟ್ಟ ಕಡೆಗಳೂ ಇವೆ. ಕಪೋನ್‌ನ ಇನ್ನೊಬ್ಬ ಎದುರಾಳಿ ಜೋ ಅಯೆಲೊನನ್ನು ಚಿತ್ರದಲ್ಲಿ ಕಪೋನ್ ತಾನೇ ಕೈಯಾರೆ ಕೊಲ್ಲುತ್ತಾನೆ. ನಿಜದಲ್ಲಿ ಅಯೆಲೊ ಸತ್ತದ್ದು ಹತ್ಯಾಕಾಂಡಕ್ಕಿಂತ ಮುಂಚೆ ಅಲ್ಲವೇ ಅಲ್ಲ, 1930ರ ಅಕ್ಟೋಬರ್ 23ರಂದು, ಶಿಕಾಗೊದ ಮನೆಯೊಂದರಿಂದ ಹೊರಬರುವಾಗ ಹೊಂಚು ಹಾಕಿ ಕೂತವರ ಮಷಿನ್ ಗನ್‌ಗೆ ಸಿಕ್ಕಿ. ಪ್ಯಾಟ್ಸಿ ಲೊಲೋರ್ಡೊ ಕೊಲೆ ಮಾತ್ರ ಸರಿಯಾದ ಜಾಗದಲ್ಲಿದೆ: 1929ರ ಜನವರಿ 8, ಅವನ ಮನೆಯಲ್ಲೇ. ಕಪೋನ್ ಕಡೆಯವನಾದ ಲೊಲೋರ್ಡೊ ಬಿದ್ದದ್ದು ಫೆಬ್ರವರಿ 14ಕ್ಕೆ ಹತ್ತಿರದ ಕಾರಣಗಳಲ್ಲಿ ಒಂದು.

ಮದ್ಯದ ಆಮಿಷದ ಬಗ್ಗೆಯೂ ಒಂದು ಮಾತು. ಕದ್ದ ವಿಸ್ಕಿಯ ಲಾರಿ ಬರುತ್ತದೆಂದು ಮೊರನ್ ತಂಡವನ್ನು ಕರೆಸಿದರು ಅನ್ನುವುದು ಹಳೆಯ ವಿವರಣೆ. ಅದಕ್ಕೆ ಗಟ್ಟಿ ಆಕ್ಷೇಪ ಶವಗಳ ಮೈಮೇಲೇ ಇದೆ. ಮೆಕ್ಯಾನಿಕ್ ಮೇ ಒಬ್ಬನೇ ಕೆಲಸದ ಬಟ್ಟೆಯಲ್ಲಿದ್ದ, ಉಳಿದವರು ಒಳ್ಳೆಯ ಸೂಟು, ಟೈ, ಹ್ಯಾಟಿನಲ್ಲಿದ್ದರು. ವಿಸ್ಕಿ ಪೆಟ್ಟಿಗೆ ಇಳಿಸಲು ಯಾರೂ ಹಾಗೆ ಬರುವುದಿಲ್ಲ. ಗ್ಯಾಂಗಿನ ಸಭೆಗೆ ಕೂಡಿದ್ದರು ಅನ್ನುವುದೇ ನನಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ.

ಇನ್ನು ಕೋವಿಗಳು. ಚಿತ್ರ ಈ ಭಾಗವನ್ನು ಮುಟ್ಟುವುದೇ ಇಲ್ಲ. ಆದರೆ ಅಪರಾಧ ತನಿಖೆಯ ಚರಿತ್ರೆಯಲ್ಲಿ ಈ ಪ್ರಕರಣ ಉಳಿದದ್ದು ಇದರಿಂದಲೇ.

ನೆಲದ ಮೇಲೆ ಸಿಕ್ಕಿದ್ದು .45 ಅಳತೆಯ 70 ಖಾಲಿ ಕಾಡತೂಸು. ಜೊತೆಗೆ ಶಾಟ್‌ಗನ್‌ನಿಂದ ಹಾರಿಸಿದ ಎರಡು ತೂಟಾ. ಪರೀಕ್ಷೆಗೆ ಕರೆಸಿದ್ದು ಕೋವಿ ಗುರುತಿನ ತಜ್ಞ ಕ್ಯಾಲ್ವಿನ್ ಗಾಡರ್ಡ್ ಅವರನ್ನು. ಪ್ರತಿ ಖಾಲಿ ಕಾಡತೂಸಿನ ತಳದಲ್ಲಿ ಕೋವಿಯ ಸೂಜಿ ಹೊಡೆದ ಕುಳಿ, ಖಾಲಿಯಾದದ್ದನ್ನು ಹೊರಗೆಸೆಯುವ ಕೊಕ್ಕೆ ಗೀರಿದ ಗುರುತು ಇರುತ್ತವೆ. ಒಂದು ಕೋವಿಯ ಗುರುತು ಇನ್ನೊಂದರದ್ದಕ್ಕೆ ಹೊಂದುವುದಿಲ್ಲ. ಎರಡನ್ನು ಅಕ್ಕಪಕ್ಕ ಇಟ್ಟು ಒಂದೇ ನೋಟದಲ್ಲಿ ಹೋಲಿಸುವ ಜೋಡಿ ಸೂಕ್ಷ್ಮದರ್ಶಕದ ಕೆಳಗೆ ಆ 70 ಕಾಡತೂಸು 50 ಮತ್ತು 20ರ ಎರಡು ರಾಶಿಗಳಾದವು. ಅಂದರೆ ಎರಡು ಕೋವಿ, ಒಂದಕ್ಕೆ 50 ಗುಂಡಿನ ಡ್ರಮ್, ಇನ್ನೊಂದಕ್ಕೆ 20 ಗುಂಡಿನ ನೇರ ಮ್ಯಾಗಜಿನ್. ಎರಡನ್ನೂ ಪೂರ್ತಿ ಖಾಲಿ ಮಾಡಿದ್ದಾರೆ.

ಗುಂಡುಗಳ ಮೇಲೆ ನಳಿಕೆಯ ಒಳಗಿನ ಆರು ಗೀರುಗಳ ಗುರುತಿತ್ತು, ಬಲಕ್ಕೆ ತಿರುಗಿದ್ದು. ಅದೇ .45 ಗುಂಡು ಹಾರಿಸುವ ಕೋಲ್ಟ್ ಪಿಸ್ತೂಲಿನಲ್ಲೂ ಆರೇ ಗೀರು, ಆದರೆ ತಿರುವು ಎಡಕ್ಕೆ. ಹೀಗೆ ಪಿಸ್ತೂಲು ಪಟ್ಟಿಯಿಂದ ಬಿಟ್ಟುಹೋಯಿತು, ಥಾಂಪ್ಸನ್ ಎಂಬ ಕೈ ಮಷಿನ್ ಗನ್ ಉಳಿಯಿತು. ಹಂತಕರು ಪೊಲೀಸ್ ವೇಷದಲ್ಲಿದ್ದುದರಿಂದ ಅಸಲಿ ಪೊಲೀಸರ ಮೇಲೂ ಅನುಮಾನವಿತ್ತು. ಶಿಕಾಗೊ ಪೊಲೀಸರ ಬಳಿಯಿದ್ದ ಥಾಂಪ್ಸನ್‌ಗಳನ್ನು ಪರೀಕ್ಷೆಗಾಗಿ ಹಾರಿಸಿ ಹೋಲಿಸಿದರು, ಒಂದೂ ತಾಳೆಯಾಗಲಿಲ್ಲ.

ಇಂಥ ಪರೀಕ್ಷೆ ಕೈಕೊಡುವುದು ಎರಡು ಕಡೆ. ಇಟ್ಟಿಗೆಗೆ ಬಡಿದ ಗುಂಡು ಚಪ್ಪಟೆಯಾಗಿ ಗೀರು ಅಳಿಸಿಹೋಗುತ್ತದೆ; ಗೋಡೆಗೆ ನಿಲ್ಲಿಸಿ ಹೊಡೆದ ಪ್ರಕರಣದಲ್ಲಿ ಹಾಗಾದ ಗುಂಡುಗಳು ಇದ್ದೇ ಇರುತ್ತವೆ, ಆದ್ದರಿಂದ ಖಾಲಿ ಕಾಡತೂಸಿನ ಬೆಲೆ ಇನ್ನೂ ಹೆಚ್ಚು. ಮತ್ತೆ, ಪರೀಕ್ಷೆಗೆ ಹಾರಿಸುವ ಮದ್ದುಗುಂಡು ಬೇರೆ ತಯಾರಿಕೆಯದಾದರೆ ಲೋಹದ ಗಡಸು ಬದಲಾಗಿ ಗುರುತಿನ ಆಳವೂ ಬದಲಾಗುತ್ತದೆ. ಒಂದೇ ಕೋವಿಯ ಎರಡು ಗುರುತು ಬೇರೆ ಬೇರೆಯಂತೆ ಕಾಣಬಹುದು.

ಗಂಟು ಬಿಚ್ಚಿದ್ದು 1929ರ ಡಿಸೆಂಬರ್ 14ರಂದು. ಮಿಷಿಗನ್‌ನ ಸೇಂಟ್ ಜೋಸೆಫ್ ಊರಿನಲ್ಲಿ ಸಣ್ಣ ಕಾರು ಡಿಕ್ಕಿಯ ಜಗಳಕ್ಕೆ ಚಾರ್ಲ್ಸ್ ಸ್ಕೆಲಿ ಎಂಬ ಪೊಲೀಸನನ್ನು ಫ್ರೆಡ್ 'ಕಿಲ್ಲರ್' ಬರ್ಕ್ ಗುಂಡಿಟ್ಟು ಕೊಂದ. ಅವನ ಮನೆ ಜಾಲಾಡಿದಾಗ ಎರಡು ಥಾಂಪ್ಸನ್ ಸಿಕ್ಕವು. ಗಾಡರ್ಡ್ ಪರೀಕ್ಷೆಯಲ್ಲಿ ಎರಡೂ ಗ್ಯಾರೇಜಿನವೇ ಅಂತ ಸ್ಥಿರವಾಯಿತು. ಅಷ್ಟೇ ಅಲ್ಲ, ಅವುಗಳಲ್ಲಿ ಒಂದು 1928ರ ಜುಲೈ 1ರಂದು ಬ್ರೂಕ್ಲಿನ್‌ನಲ್ಲಿ ಅಲ್ಲಿನ ಗ್ಯಾಂಗ್‌ಸ್ಟರ್ ಫ್ರ್ಯಾಂಕಿ ಯೇಲ್‌ನನ್ನು ಕೊಂದ ಕೋವಿ. ಬರ್ಕ್‌ಗೆ ಶಿಕ್ಷೆಯಾದದ್ದು ಸ್ಕೆಲಿ ಕೊಲೆಗೆ. ಸೆರೆಮನೆಯಲ್ಲೇ 1940ರಲ್ಲಿ ಸತ್ತ. ಏಳು ಜನರ ಹತ್ಯೆಗೆ ಇವತ್ತಿನವರೆಗೂ ಒಬ್ಬನಿಗೂ ಶಿಕ್ಷೆಯಾಗಿಲ್ಲ. 1935ರಲ್ಲಿ ಬೈರನ್ ಬೋಲ್ಟನ್ ಎಂಬವನು ತಾನು ಕಾವಲು ಕೂತಿದ್ದೆನೆಂದು ಒಪ್ಪಿಕೊಂಡು ಬರ್ಕ್, ಗಸ್ ವಿಂಕ್ಲರ್, ಫ್ರೆಡ್ ಗೊಯೆಟ್ಸ್ ಮೊದಲಾದವರ ಹೆಸರು ಹೇಳಿದ. ಆ ಎರಡು ಥಾಂಪ್ಸನ್ ಇಂದಿಗೂ ಮಿಷಿಗನ್‌ನ ಬೆರಿಯನ್ ಕೌಂಟಿ ಶೆರಿಫ್ ಇಲಾಖೆಯ ವಶದಲ್ಲಿವೆ.

ಪೀಪಾಯಿ_ಲೆಕ್ಕ

ಬಿಯರ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದು ತಿಳಿದರೆ ಸೀಗಲ್ ದೃಶ್ಯ ಬರೀ ಹೊಡೆದಾಟವಾಗಿ ಉಳಿಯುವುದಿಲ್ಲ.

ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದದ್ದು 1920ರ ಜನವರಿ 17ಕ್ಕೆ, ಎತ್ತಿದ್ದು 1933ರ ಡಿಸೆಂಬರ್ 5ಕ್ಕೆ. ಅದನ್ನು ಜಾರಿ ಮಾಡಿದ ವೋಲ್‌ಸ್ಟೆಡ್ ಕಾಯ್ದೆಯ ಮಿತಿ ಶೇ. 0.5 ಆಲ್ಕೊಹಾಲ್. ಅದಕ್ಕಿಂತ ಕಡಿಮೆಯ 'ನಿಯರ್ ಬಿಯರ್' ಮಾಡಲು ಪರವಾನಗಿ ಇತ್ತು. ಅದನ್ನು ತಯಾರಿಸುತ್ತಿದ್ದುದು ಹೇಗೆಂದರೆ, ಮೊದಲು ಅಸಲಿ ಬಿಯರ್ ಮಾಡಿ, ಆಮೇಲೆ ಅದರ ಆಲ್ಕೊಹಾಲ್ ತೆಗೆಯುವುದು. ಕಾಯ್ದೆಯ ದೊಡ್ಡ ಕಿಂಡಿ ಇದೇ. ಪರವಾನಗಿ ಇರುವ ಕಾರ್ಖಾನೆ ಎರಡನೇ ಹಂತ ಬಿಟ್ಟರೆ ಸಾಕು, ಲಾರಿಗೆ ಹೋಗುವುದು ಪೂರಾ ಬಿಯರ್. ಹಾಗಾಗಿ ಗ್ಯಾಂಗುಗಳಿಗೆ ನಿಜವಾದ ಆಸ್ತಿ ಹಳೆಯ ಬಿಯರ್ ಕಾರ್ಖಾನೆಗಳೇ.

ಕಾರ್ಖಾನೆ ಕೈಗೆ ಸಿಗದವರು ನಿಯರ್ ಬಿಯರ್ ಪೀಪಾಯಿಗೆ ಬಿರಡೆಯ ಮೂಲಕ ಸ್ಪಿರಿಟ್ ಚುಚ್ಚುತ್ತಿದ್ದರು. ಒಂದು ಪೀಪಾಯಿ 31 ಗ್ಯಾಲನ್, ಅಂದರೆ ಸುಮಾರು 117 ಲೀಟರ್. ಅದನ್ನು ಶೇ. 4ರ ಆಸುಪಾಸಿಗೆ ತರಲು ಹೆಚ್ಚುಕಡಿಮೆ ನಾಲ್ಕು ಲೀಟರ್ ಸ್ಪಿರಿಟ್ ಬೇಕು. ಈ ಮಾಲಿನ ತೊಂದರೆಗಳು ಹಲವು: ತೂತು ಮಾಡಿದಾಗ ಗ್ಯಾಸು ಹೋಗಿ ನೊರೆ ಬರುವುದಿಲ್ಲ, ಸ್ಪಿರಿಟ್ ಸಮನಾಗಿ ಬೆರೆಯದೆ ಮೇಲಿನ ಲೋಟ ಕಟುವಾಗಿ ಕೆಳಗಿನದು ನೀರಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಸ್ಪಿರಿಟ್ ಕೈಗಾರಿಕೆಯದಾದರೆ ಕುಡಿಯಬಾರದೆಂದು ಸರ್ಕಾರವೇ ಬೆರೆಸಿದ ಮೆಥನಾಲ್ ಅದರಲ್ಲಿರುತ್ತದೆ. ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಆದ್ದರಿಂದ 'ಯಾರ ಬಿಯರ್ ಆದರೇನು' ಅನ್ನುವ ಹಾಗಿರಲಿಲ್ಲ, ಗಿರಾಕಿಗೆ ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತಿತ್ತು.

ಅಂಗಡಿಯವನ ಲೆಕ್ಕ ನೋಡಿ. ಶಿಕಾಗೊದಲ್ಲಿ ಪೀಪಾಯಿಗೆ ಸಾಮಾನ್ಯವಾಗಿ ಹೇಳುವ ದರ 50ರಿಂದ 55 ಡಾಲರ್. 12 ಔನ್ಸಿನ ಲೋಟದಲ್ಲಿ ಒಂದು ಪೀಪಾಯಿಗೆ ಸುಮಾರು 330 ಲೋಟ. 25 ಸೆಂಟಿನಂತೆ ಮಾರಿದರೆ 82 ಡಾಲರ್, ನೊರೆಯಲ್ಲಿ ಚೆಲ್ಲಿದ್ದು ಬೇರೆ. ಉಳಿಯುವ ಇಪ್ಪತ್ತು-ಮೂವತ್ತು ಡಾಲರಿನಲ್ಲೇ ಬಾಡಿಗೆ, ಪೊಲೀಸರ ಮಾಮೂಲು, ಆಳಿನ ಸಂಬಳ. ಪೀಪಾಯಿಗೆ ಐದು ಡಾಲರ್ ಇಳಿಸಿ ಕೊಡುವವನು ಬಂದರೆ ಅಂಗಡಿಯವನು ಜಾರುವುದು ಸಹಜ. ಪೀಟರ್ ಗುಸೆನ್‌ಬರ್ಗ್‌ನಂಥವರ ಕೆಲಸ ಆ ಜಾರುವಿಕೆಯನ್ನು ತಮ್ಮ ಕಡೆಗೆ ಮಾಡಿಸುವುದು, ಎದುರಾಳಿಯ ಕಡೆಗೆ ಹೋಗದಂತೆ ತಡೆಯುವುದು.

ಇನ್ನೊಂದು ಮುಖ್ಯ ಅಂಶ: ಬಿಯರ್ ಭಾರ, ಬೆಲೆ ಕಡಿಮೆ, ಬೇಗ ಕೆಡುತ್ತದೆ. ದೂರ ಸಾಗಿಸಿ ಲಾಭವಿಲ್ಲ, ಬಚ್ಚಿಡಲೂ ಆಗದು. ಹತ್ತಿರದ ಬೀದಿಗಳಲ್ಲೇ ಮಾರಬೇಕು, ಆದ್ದರಿಂದ ಬಿಯರ್ ಅಂದರೆ ಬೀದಿಯ ಹಿಡಿತ. ವಿಸ್ಕಿ ಹಗುರ, ಬೆಲೆ ಜಾಸ್ತಿ, ಕೆನಡಾದಿಂದ ಡೆಟ್ರಾಯಿಟ್ ಮೂಲಕ ಬರುತ್ತಿತ್ತು. ಅದರ ಜಗಳ ದಾರಿಯ ಮೇಲಿನ ಲೂಟಿಯದು. ಚಿತ್ರದಲ್ಲಿ ಈ ಎರಡೂ ಜಗಳ ಬೇರೆ ಬೇರೆಯಾಗಿಯೇ ಬರುತ್ತವೆ, ಬೇರ್ಪಡಿಸಿ ನೋಡಿದರೆ ಕಥೆ ಸಲೀಸು.

ಮೊರನ್‌ಗಿಂತ ಮೊದಲು ಆ ಗ್ಯಾಂಗಿನ ನಾಯಕನಾಗಿದ್ದ ಡಿಯಾನ್ ಒಬ್ಯಾನಿಯನ್ ಕೊಲೆಯ ಫ್ಲ್ಯಾಶ್‌ಬ್ಯಾಕ್ ಇದೆಯಲ್ಲ, ಅದರ ಬೇರೂ ಬಿಯರಿನಲ್ಲೇ ಇದೆ. ಸೀಬೆನ್ ಕಾರ್ಖಾನೆಯ ತನ್ನ ಪಾಲನ್ನು ಒಬ್ಯಾನಿಯನ್ ಕಪೋನ್‌ನ ಆಗಿನ ಯಜಮಾನ ಜಾನಿ ಟೋರಿಯೊಗೆ 5 ಲಕ್ಷ ಡಾಲರಿಗೆ ಮಾರಿದ. ಅಲ್ಲಿ ದಾಳಿಯಾಗಲಿದೆ ಅನ್ನುವುದು ಅವನಿಗೆ ಮೊದಲೇ ಗೊತ್ತಿತ್ತು. 1924ರ ಮೇ 19ರಂದು ದಾಳಿಯಾಗಿ ಟೋರಿಯೊ ಸಿಕ್ಕಿಬಿದ್ದ. ಅದೇ ನವೆಂಬರ್ 10ರಂದು ಒಬ್ಯಾನಿಯನ್‌ನನ್ನು ಅವನದೇ ಹೂವಿನಂಗಡಿಯಲ್ಲಿ ಮುಗಿಸಿದರು. 1926ರ ಸೆಪ್ಟೆಂಬರ್‌ನಲ್ಲಿ ಶಿಕಾಗೊ ಪಕ್ಕದ ಸಿಸೆರೊದಲ್ಲಿ ಕಪೋನ್ ಬೀಡುಬಿಟ್ಟಿದ್ದ ಹಾಥಾರ್ನ್ ಹೋಟೆಲಿನ ಮೇಲೆ ಕಾರುಗಳ ಸಾಲಿನಿಂದ ಗುಂಡಿನ ಮಳೆ, ಅಕ್ಟೋಬರ್ 11ಕ್ಕೆ ಒಬ್ಯಾನಿಯನ್ ಜಾಗಕ್ಕೆ ಬಂದಿದ್ದ ಹೈಮಿ ವೈಸ್ ಕೊಲೆ. 1929ರ ಗೋಡೆಯ ತನಕ ಒಂದೇ ದಾರ.

ತೆರೆಮರೆ

ರೊಬಾರ್ಡ್ಸ್ ವಿಷಯದಲ್ಲಿ ಮಾತ್ರ ರಾಜಿಯಾಗಲು ನನ್ನಿಂದ ಆಗದು. ಕಪೋನ್ ದಪ್ಪ ಕತ್ತಿನ, ಅಗಲ ಮುಖದ ಆಳು, 1899ರ ಜನವರಿಯಲ್ಲಿ ಹುಟ್ಟಿದವನು. ಹತ್ಯೆಯ ದಿನ ಅವನಿಗೆ ಇನ್ನೂ 30. ರೊಬಾರ್ಡ್ಸ್ ಸಣಕಲು, ನಲವತ್ತು ದಾಟಿದವರು, ಪ್ರತಿ ಮಾತನ್ನೂ ಹಿಂದಿನ ಸಾಲಿಗೆ ಕೇಳಿಸುವ ನಾಟಕದ ಎತ್ತರದಲ್ಲಿ ಹೇಳುತ್ತಾರೆ. ನಿರೂಪಣೆ ಅಷ್ಟು ತಣ್ಣಗಿರುವಾಗ ನಡುವೆ ಈ ಅಬ್ಬರ ಹೊಂದುವುದಿಲ್ಲ. ಮೀಕರ್ ಮೊರನ್ ಪಾತ್ರದಲ್ಲಿ ಕಡಿಮೆ ಮಾತಲ್ಲೇ ಹೆಚ್ಚು ಹೆದರಿಸುತ್ತಾರೆ.

ರೀಲುಸುತ್ತು

ತೆರೆಮರೆ ಅವರೇ, ಆಯ್ಕೆಯ ಹಿನ್ನೆಲೆ ಗೊತ್ತಿದ್ದರೆ ಕೋಪ ಸ್ವಲ್ಪ ಇಳಿಯಬಹುದು. ಕಾರ್ಮನ್ ಕಪೋನ್ ಪಾತ್ರಕ್ಕೆ ಬಯಸಿದ್ದು ಆರ್ಸನ್ ವೆಲ್ಸ್ ಅವರನ್ನು, ರೊಬಾರ್ಡ್ಸ್ ಅವರನ್ನು ಇಟ್ಟುಕೊಂಡಿದ್ದು ಮೊರನ್‌ಗೆ. ವೆಲ್ಸ್ ಅವರನ್ನು ಸಂಭಾಳಿಸುವುದು ಕಷ್ಟ ಎಂದು ಸ್ಟುಡಿಯೊ ಒಪ್ಪಲಿಲ್ಲ. ರೊಬಾರ್ಡ್ಸ್ ಕಪೋನ್ ಆದರು, ಮೊರನ್ ಮೀಕರ್ ಪಾಲಾಯಿತು. ಮೈಕಟ್ಟು ಹೊಂದುವುದಿಲ್ಲ, ಒಪ್ಪುತ್ತೇನೆ. ಅಬ್ಬರದ ವಿಷಯದಲ್ಲಿ ಒಪ್ಪುವುದಿಲ್ಲ. ಹೊರಗಿನ ದನಿ ತಣ್ಣಗೆ ಲೆಕ್ಕ ಓದುತ್ತಿದೆ, ಒಳಗಿನ ಮನುಷ್ಯ ಕುದಿಯುತ್ತಿದ್ದಾನೆ. ಆ ಎಳೆದಾಟ ಇಲ್ಲದಿದ್ದರೆ ಇದು ಬರೀ ಸುದ್ದಿಚಿತ್ರವಾಗುತ್ತಿತ್ತು.

ವಯಸ್ಸಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಸೀಗಲ್ ವಿಷಯದಲ್ಲಿ ಅದು ತಿರುಗುಮುರುಗು. ಅಸಲಿ ಪೀಟರ್ ಗುಸೆನ್‌ಬರ್ಗ್‌ಗೆ ಆಗ 40, ಸೀಗಲ್‌ಗೆ 33 ಕೂಡ ಸರಿಯಾಗಿ ತುಂಬಿರಲಿಲ್ಲ. ಆ ಪಾತ್ರದ ಚುರುಕು ಎಲ್ಲ ಅಲ್ಲಿಂದ ಬಂದದ್ದು.

ನೆರಳುಪರದೆ

ಎಲ್ಲರಿಗೂ ತುಂಬ ಧನ್ಯವಾದ. ಇನ್ನು ಎರಡೇ ಉಳಿದವು. ನಿಕಲ್ಸನ್ ಪಾತ್ರ ಗುಂಡಿಗೆ ಬೆಳ್ಳುಳ್ಳಿ ಉಜ್ಜುವ ಬಗ್ಗೆ ಹೇಳುತ್ತದಲ್ಲ, ಗುಂಡು ಕೊಲ್ಲದಿದ್ದರೂ ರಕ್ತ ವಿಷವಾಗಿ ಸಾಯ್ತಾರೆ ಅಂತ. ಅದರಲ್ಲಿ ಹುರುಳಿದೆಯಾ? ಮತ್ತೆ ಪ್ರತಿಯ ಪ್ರಶ್ನೆಗೆ ಯಾರೂ ಬರಲಿಲ್ಲ. ಒಂದು ಪ್ರತಿ 96 ನಿಮಿಷ, ಇನ್ನೊಂದು 100 ನಿಮಿಷ ತೋರಿಸುತ್ತದೆ. ಚಿಕ್ಕದರಲ್ಲಿ ಹಿಂಸೆ ಕತ್ತರಿಸಿದ್ದಾರಾ?

ಗುಂಡಿನಗುರುತು

ಬೆಳ್ಳುಳ್ಳಿ ನಂಬಿಕೆ ಆ ಕಾಲದ್ದೇ, ಜಾನ್ ಸ್ಕಲೀಸೆ ಮತ್ತು ಆಲ್ಬರ್ಟ್ ಅನ್ಸೆಲ್ಮಿ ಎಂಬ ಕಪೋನ್ ಬಂಟರ ಹೆಸರಿಗೆ ಅಂಟಿಕೊಂಡಿದೆ. ವೈದ್ಯಕೀಯವಾಗಿ ಹುರುಳಿಲ್ಲ. ಗಾಯ ಕೀವಾಗುತ್ತಿದ್ದದ್ದು ಗುಂಡಿನ ಜೊತೆ ಒಳಹೋದ ಬಟ್ಟೆ ಚೂರು, ಕೊಳೆಯಿಂದ. ಗುಂಡು ಹಾರುವ ಬಿಸಿಗೆ ಅದರ ಮೇಲಿನ ಸೂಕ್ಷ್ಮಾಣುಗಳೆಲ್ಲ ಸಾಯುವುದಿಲ್ಲ, ಪೆನಿಸಿಲಿನ್ ಇನ್ನೂ ಆಸ್ಪತ್ರೆಗೆ ಬಂದಿರಲಿಲ್ಲ. ಹಾಗಾಗಿ ಹೊಟ್ಟೆಗೆ ಗುಂಡು ಬಿದ್ದವನು ಕೆಲವು ದಿನಗಳ ನಂತರ ನಂಜೇರಿ ಸಾಯುವುದು ಸಾಮಾನ್ಯವಾಗಿತ್ತು, ಶ್ರೇಯಸ್ಸು ಬೆಳ್ಳುಳ್ಳಿಗೆ ಹೋಯಿತು.

ಕೋವಿಯ ಬಗ್ಗೆ ಇನ್ನೊಂದನ್ನು ಸೇರಿಸುತ್ತೇನೆ, ಗ್ಯಾರೇಜ್ ದೃಶ್ಯ ನೋಡುವಾಗ ಗಡಿಯಾರ ಹಿಡಿದು ನೋಡಿ. 1921ರ ಮಾದರಿಯ ಥಾಂಪ್ಸನ್ ನಿಮಿಷಕ್ಕೆ ಸುಮಾರು 800 ಗುಂಡಿನ ವೇಗದ್ದು. ಕುದುರೆ ಒತ್ತಿಯೇ ಹಿಡಿದರೆ 50ರ ಡ್ರಮ್ ನಾಲ್ಕು ಸೆಕೆಂಡಿನೊಳಗೆ ಖಾಲಿ, 20ರದ್ದು ಒಂದೂವರೆ ಸೆಕೆಂಡು. ಬಿಟ್ಟು ಬಿಟ್ಟು ಹಾರಿಸಿದರೂ ಅಸಲಿ ಹತ್ಯೆ ಉಸಿರು ಬಿಡುವಷ್ಟರಲ್ಲಿ ಮುಗಿದಿರುತ್ತದೆ. ಪರದೆಯ ಮೇಲೆ ಹಲವು ಕೋನಗಳನ್ನು ಜೋಡಿಸುವಾಗ ಈ ಕಾಲ ಹಿಗ್ಗುವುದು ಸಹಜ.

ಅಗಲಪರದೆ

ಪ್ರತಿಯ ಪ್ರಶ್ನೆಗೆ: 96 ನಿಮಿಷದ್ದು ಕತ್ತರಿಸಿದ್ದೇ ಆಗಿರಬೇಕಿಲ್ಲ. ಚಿತ್ರಮಂದಿರದ ರೀಲು ಸೆಕೆಂಡಿಗೆ 24 ಚೌಕಟ್ಟು. ಯುರೋಪಿನ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಅದನ್ನು 25ರ ವೇಗಕ್ಕೆ ಓಡಿಸುತ್ತಾರೆ. 100 ನಿಮಿಷವನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿದರೆ ಸರಿಯಾಗಿ 96. ಒಂದು ದೃಶ್ಯವೂ ಹೋಗಿರುವುದಿಲ್ಲ, ಆದರೆ ದನಿ ಒಂದು ಎಳೆ ಏರಿ ಕೇಳಿಸುತ್ತದೆ. ನಿರೂಪಕನ ತಗ್ಗಿದ ದನಿಯ ಮೇಲೆ ನಿಂತ ಚಿತ್ರವಾದ್ದರಿಂದ ಆಯ್ಕೆ ಇದ್ದರೆ 100 ನಿಮಿಷದ್ದನ್ನೇ ತೆಗೆದುಕೊಳ್ಳಿ. ಅವಧಿ 96ಕ್ಕಿಂತಲೂ ಕಡಿಮೆ ಇದ್ದರೆ ಆಗ ಕತ್ತರಿಯ ಅನುಮಾನ ಪಡಿ.

ಅವಧಿಗಿಂತ ಮುಖ್ಯ ಚೌಕಟ್ಟಿನ ಅಗಲ. ಇದು 2.35ಕ್ಕೆ 1ರ ಅನುಪಾತದ ಬಣ್ಣದ ಚಿತ್ರ. ಇಂದಿನ 16:9 ಟಿವಿಯಲ್ಲಿ ಸರಿಯಾದ ಪ್ರತಿ ಹಾಕಿದರೆ ಚಿತ್ರ ಪರದೆಯ ಎತ್ತರದಲ್ಲಿ ಮುಕ್ಕಾಲು ಪಾಲನ್ನಷ್ಟೇ ತುಂಬಬೇಕು. ಮೇಲೆ ಕೆಳಗೆ ತಲಾ ಶೇ. 12ರಷ್ಟು ಕಪ್ಪು ಪಟ್ಟಿ ಇರಬೇಕು. ಪರದೆ ಪೂರ್ತಿ ತುಂಬಿದ್ದರೆ ಬದಿಗಳನ್ನು ಕತ್ತರಿಸಿದ್ದಾರೆ, ಅಥವಾ ಟಿವಿಯ ಜೂಮ್ ಆನ್ ಆಗಿದೆ. ಮೊದಲು ಜೂಮ್ ತೆಗೆದು ನೋಡಿ. ಮುಖಗಳು ಉದ್ದುದ್ದವಾಗಿ ಕಂಡರೆ ಅಗಲದ ಚಿತ್ರವನ್ನು ಹಿಂಡಿದ್ದಾರೆ ಅಂತ ಅರ್ಥ, ಅದು ಸಾಮಾನ್ಯವಾಗಿ ಟಿವಿಯ ಅನುಪಾತದ ಆಯ್ಕೆ ಬದಲಿಸಿದರೆ ಸರಿಹೋಗುತ್ತದೆ. ಹಳೆಯ ಟಿವಿಗೆಂದು ಮಾಡಿದ 4:3 ಪ್ರತಿಗಳಲ್ಲಿ ಚಿತ್ರದ ಶೇ. 43ರಷ್ಟು ಭಾಗ ಇರುವುದೇ ಇಲ್ಲ, ಅದಕ್ಕೆ ಯಾವ ಬಟನ್ನೂ ಪರಿಹಾರವಲ್ಲ.

ಪರೀಕ್ಷೆಗೆ ಎರಡು ದೃಶ್ಯ ಸಾಕು. ಕಪೋನ್‌ನ ಮೇಜಿನ ಸಭೆ ಮತ್ತು ಗ್ಯಾರೇಜಿನ ಗೋಡೆ. ಏಳು ಜನರನ್ನು ಅಡ್ಡಸಾಲಿಗೆ ನಿಲ್ಲಿಸಿದ ಚೌಕಟ್ಟು 4:3ರಲ್ಲಿ ಹಿಡಿಯುವುದಿಲ್ಲ, ಕತ್ತರಿಸಿದ ಪ್ರತಿಯಲ್ಲಿ ಬದಿಯವರು ಮಾಯವಾಗುತ್ತಾರೆ, ಇಲ್ಲವೇ ಮೂಲದಲ್ಲಿ ಇಲ್ಲದ ಓಡಾಟವನ್ನು ಕ್ಯಾಮೆರಾ ಮಾಡಿದಂತೆ ಕಾಣುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿಯಾದರೆ ಒಳ್ಳೆಯದು, ಮೊದಲ ಅರ್ಧ ಗಂಟೆಯಲ್ಲಿ ಹೆಸರುಗಳು ಒಂದರ ಹಿಂದೊಂದು ಬರುತ್ತವೆ.

ಅಂದಹಾಗೆ ಅಸಲಿ ಗ್ಯಾರೇಜನ್ನು ಕೆಡವಿದ್ದೂ ಚಿತ್ರ ಬಂದ ಅದೇ 1967ರಲ್ಲಿ. ಗೋಡೆಯ ಇಟ್ಟಿಗೆಗಳನ್ನು ಕೆನಡಾದ ವ್ಯಾಪಾರಿ ಜಾರ್ಜ್ ಪೇಟಿ ಕೊಂಡು ಒಯ್ದರು. ಅವುಗಳಲ್ಲಿ ಬಹಳಷ್ಟು ಈಗ ಲಾಸ್ ವೇಗಾಸ್‌ನ ಮಾಬ್ ಮ್ಯೂಸಿಯಂನಲ್ಲಿ ಗೋಡೆಯಾಗಿಯೇ ಜೋಡಿಸಿಟ್ಟಿವೆ. ಚಿತ್ರದ ಗೋಡೆ ಸ್ಟುಡಿಯೊದ ಸೆಟ್. ಅಸಲಿಯ ಫೋಟೊ ಪಕ್ಕದಲ್ಲಿಟ್ಟುಕೊಂಡು ನೋಡಬಯಸುವವರು ಮ್ಯೂಸಿಯಂನ ಗೋಡೆಗಿಂತ 1929ರ ಪತ್ರಿಕಾ ಛಾಯಾಚಿತ್ರಗಳನ್ನೇ ಹುಡುಕಿ.